ಗಾಡಿ ಮಾತು ಕೇಳುತ್ತದೆಯೇ?

ಕನ್ನಡದಲ್ಲಿ ಕವಿತೆಗೆ ವಿಮರ್ಶೆ ಇದೆ, ಕತೆಗೆ ಇದೆ, ನಾಟಕಕ್ಕೂ ಸಿನಿಮಾಕ್ಕೂ ಇದೆ. ಶುಕ್ರವಾರ ತೆರೆಕಂಡ ಚಿತ್ರದ ಬಗ್ಗೆ ಶನಿವಾರದ ಪತ್ರಿಕೆಯಲ್ಲಿ ನಾಲ್ಕು ಮಾತು ಬರದೆ ಇರುವುದಿಲ್ಲ. ಆದರೆ ನಮ್ಮ ಮನೆಗಳ ಹುಡುಗರು ಇವೆಲ್ಲಕ್ಕೂ ಕೊಡದಷ್ಟು ಹೊತ್ತನ್ನು ಕೊಡುತ್ತಿರುವ ವಿಡಿಯೋ ಆಟಗಳ ಬಗ್ಗೆ ವಿಮರ್ಶೆ ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಇರುವುದು ಎರಡೇ ಬಗೆಯ ಮಾತು. ಒಂದು ಮಾರುವವರ ಹೊಗಳಿಕೆ, ಇನ್ನೊಂದು ಹಿರಿಯರ ಬೈಗುಳ. ಬೈಯುವವರಲ್ಲಿ ಹೆಚ್ಚಿನವರು ಆಟವನ್ನು ಒಮ್ಮೆಯೂ ಆಡಿ ನೋಡಿದವರಲ್ಲ. ಓದದ ಪುಸ್ತಕವನ್ನು ಹಳಿಯುವವನನ್ನು ನಾವು ವಿಮರ್ಶಕ ಎಂದು ಕರೆಯುವುದಿಲ್ಲ. ಆಡದ ಆಟದ ವಿಚಾರದಲ್ಲಿ ಮಾತ್ರ ಈ ರಿಯಾಯಿತಿ ಏಕೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ಊರುಗಳಲ್ಲಿ ಯಾವ ಬಸ್ ನಿಲ್ದಾಣದಲ್ಲಾದರೂ ಹತ್ತು ನಿಮಿಷ ಕುಳಿತು ನೋಡಿ. ಮೊಬೈಲನ್ನು ಅಡ್ಡ ಹಿಡಿದು, ಮೈಯನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಓಲಾಡಿಸುತ್ತಿರುವ ಒಬ್ಬ ಹುಡುಗನಾದರೂ ಸಿಗುತ್ತಾನೆ. ಅವನು ಬೈಕು ಓಡಿಸುತ್ತಿದ್ದಾನೆ. ಅವನ ತೆರೆಯ ಮೇಲೆ ಹೆಚ್ಚಾಗಿ ಕಾಣುವ ಆಟಗಳಲ್ಲಿ ಒಂದು 'ಟ್ರಾಫಿಕ್ ರೈಡರ್'. ಟರ್ಕಿಯ ಸೋನೆರ್ ಕಾರಾ ಎಂಬವರು ತಯಾರಿಸಿದ ಈ ಆಟ 2016ರಲ್ಲಿ ಬಂತು. ಅದಕ್ಕೂ ಮೊದಲು ಅವರದೇ 'ಟ್ರಾಫಿಕ್ ರೇಸರ್' ಎಂಬ ಕಾರಿನ ಆಟ ಬಂದಿತ್ತು. ಇದನ್ನು ಆಡಲು ದುಬಾರಿ ಯಂತ್ರ ಬೇಡ, ದುಡ್ಡೂ ಬೇಡ, ಇಂಟರ್‌ನೆಟ್ ಇಲ್ಲದಿದ್ದರೂ ಆಡಬಹುದು. ಹಾಗಾಗಿಯೇ ಇದು ರೇಷ್ಮೆಗೂಡು ಬಿಡಿಸುವ ಮನೆಯ ಹುಡುಗನಿಗೂ ಸಿಕ್ಕಿದೆ, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನಿಗೂ ಸಿಕ್ಕಿದೆ. ಈ ಆಟದ ಗಾಡಿ ಹೇಗೆ ಓಡುತ್ತದೆ, ಅದರ ದೋಷಗಳೇನು ಎಂಬುದನ್ನು ಒಂದು ಕತೆಯನ್ನು ಪರಿಶೀಲಿಸುವಷ್ಟೇ ಗಂಭೀರವಾಗಿ ಪರಿಶೀಲಿಸಬೇಕೆಂಬುದು ನನ್ನ ಉದ್ದೇಶ.

ಮೊದಲು ಒಂದು ಪದದ ವಿಚಾರ. ರೇಸಿನ ಆಟ ಆಡುವವರು ಮತ್ತೆ ಮತ್ತೆ ಬಳಸುವ ಮಾತು 'ಹ್ಯಾಂಡ್ಲಿಂಗ್'. ಆಟದ ಚಿತ್ರ ಚೆನ್ನಾಗಿಲ್ಲದಿದ್ದರೂ ಸಹಿಸಿಕೊಳ್ಳುತ್ತಾರೆ, ಹ್ಯಾಂಡ್ಲಿಂಗ್ ಸರಿಯಿಲ್ಲದಿದ್ದರೆ ಅಳಿಸಿ ಹಾಕುತ್ತಾರೆ. ಇದಕ್ಕೆ ಕನ್ನಡದಲ್ಲಿ ಹಿಡಿತ ಎನ್ನಬಹುದು, ಉರ್ದುವಿನಲ್ಲಿ ಕಾಬೂ ಎನ್ನಬಹುದು. ಆದರೆ ನಮ್ಮ ಕಡೆಯ ಹುಡುಗರು ಹೇಳುವುದು ಇವೆರಡನ್ನೂ ಅಲ್ಲ. ಕನ್ನಡ ಮಾತಾಡುವವನು 'ಗಾಡಿ ಮಾತು ಕೇಳ್ತದೆ' ಎನ್ನುತ್ತಾನೆ, ದಖನಿ ಮಾತಾಡುವವನು 'ಗಾಡಿ ಸುನ್ತಿ ನೈ' ಎಂದು ದೂರುತ್ತಾನೆ. ಎರಡು ಭಾಷೆ, ಒಂದೇ ಕಲ್ಪನೆ. ಕಿವಿ ಇಲ್ಲದ ಯಂತ್ರಕ್ಕೆ ಕೇಳಿಸಿಕೊಳ್ಳುವ ಗುಣ ಎಲ್ಲಿಂದ ಬಂತು? ಎತ್ತಿನ ಗಾಡಿಯಿಂದ, ಜಟಕಾದಿಂದ ಬಂದಿರಬೇಕು. ಫಾರಸಿಯಿಂದ ಬಂದ ಲಗಾಮು ಎಂಬ ಪದ ಕನ್ನಡದ್ದೇ ಆಗಿಹೋದ ಹಾಗೆ ಈ ಮಾತೂ ಗಾಡಿ ಹೊಡೆಯುವವರ ಬಾಯಿಯಿಂದ ಇಳಿದು ಬಂದಿದೆ. ಜಟಕಾದ ಕುದುರೆ ಸಾಹೇಬರ ಮಾತು ಕೇಳುತ್ತಿತ್ತು, ನಿಜ. ಆದರೆ ಸಾಹೇಬರೂ ಕುದುರೆಯ ಮಾತು ಕೇಳಬೇಕಿತ್ತು. ಅದು ಕಿವಿ ನಿಮಿರಿಸಿದರೆ ಎದುರಿಗೆ ಏನೋ ಇದೆ ಎಂದು ಅರ್ಥ. ಹೆಜ್ಜೆ ತಡವರಿಸಿದರೆ ಲಾಳ ಸಡಿಲವಾಗಿದೆ ಎಂದು ಅರ್ಥ. ಗಾಡಿ ಓಡಿಸುವುದು ಹೀಗೆ ಎರಡೂ ಕಡೆಯಿಂದ ನಡೆಯುವ ಸಂಭಾಷಣೆ. ರೇಸಿನ ಆಟವೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಗಾಡಿ ನಮ್ಮ ಮಾತು ಕೇಳುತ್ತದೆಯೇ ಎಂಬುದು ಒಂದು ಪ್ರಶ್ನೆ. ರಸ್ತೆ ನಮಗೆ ಏನಾದರೂ ಹೇಳುತ್ತದೆಯೇ ಎಂಬುದು ಇನ್ನೊಂದು.

ಮೊದಲನೆಯ ಪ್ರಶ್ನೆಗೆ 'ಟ್ರಾಫಿಕ್ ರೈಡರ್' ಕೊಡುವ ಉತ್ತರ ಮೆಚ್ಚತಕ್ಕದ್ದು. ಇಂಥ ಬಹುಪಾಲು ಆಟಗಳಲ್ಲಿ ನಾವು ಗಾಡಿಯನ್ನು ಹಿಂದಿನಿಂದ ನೋಡುತ್ತೇವೆ, ಯಾರೋ ಓಡಿಸುತ್ತಿದ್ದಾರೆ ಎಂಬಂತೆ. ಇಲ್ಲಿ ಸವಾರನ ಕಣ್ಣಿನಿಂದ ನೋಡುತ್ತೇವೆ. ಮುಂದೆ ಹ್ಯಾಂಡಲ್, ಅದರ ಮೇಲೆ ಎರಡು ಕೈ, ನಡುವೆ ವೇಗದ ಮುಳ್ಳು. ಬೈಕುಗಳ ಸದ್ದನ್ನು ನಿಜವಾದ ಬೈಕುಗಳಿಂದಲೇ ಧ್ವನಿಮುದ್ರಿಸಿಕೊಳ್ಳಲಾಗಿದೆ. ಗೇರು ಬದಲಾಗುವಾಗ ಆ ಸದ್ದು ಒಂದು ಕ್ಷಣ ತಗ್ಗಿ ಮತ್ತೆ ಏರುವುದನ್ನು ಕಣ್ಣು ಮುಚ್ಚಿಕೊಂಡು ಕೇಳಿದರೂ ಗುರುತಿಸಬಹುದು. ವೇಗ ಏರಿದಂತೆ ಪಕ್ಕದ ದೃಶ್ಯ ಕರಗಿ ಕಣ್ಣು ಎದುರಿನ ಒಂದು ಚುಕ್ಕೆಗೆ ಕಟ್ಟುಬೀಳುತ್ತದೆ. ಮೊಬೈಲನ್ನು ಒಂದಿಷ್ಟು ವಾಲಿಸಿದರೆ ಸಾಕು, ಬೈಕು ತಡಮಾಡದೆ ವಾಲುತ್ತದೆ. ಅಗ್ಗದ ಮೊಬೈಲಿನ ಅಂಗೈ ಅಗಲದ ಗಾಜಿನಲ್ಲಿ ವೇಗದ ಭ್ರಮೆಯನ್ನು ಇಷ್ಟು ಕಡಿಮೆ ಸಾಮಗ್ರಿಯಿಂದ ಕಟ್ಟಿರುವುದು ಸಣ್ಣ ಕೆಲಸವಲ್ಲ. ಹುಡುಗರು ಇದನ್ನು ಮೆಚ್ಚುವುದು ಚಟದಿಂದ ಮಾತ್ರ ಎಂದು ತಿಳಿಯುವುದು ಅವರ ರುಚಿಗೆ ಮಾಡುವ ಅವಮಾನ. ಅವರು ಕುಶಲತೆಯನ್ನು ಗುರುತಿಸಿದ್ದಾರೆ.

ತೊಡಕು ಇರುವುದು ಎರಡನೆಯ ಪ್ರಶ್ನೆಯಲ್ಲಿ. ಈ ಆಟದ ಬೈಕು ಬೀಳುವುದೇ ಇಲ್ಲ. ಡಿಕ್ಕಿಯಾದರೆ ಮಾತ್ರ ಬೀಳುತ್ತದೆ, ತಾನಾಗಿ ಎಂದೂ ಬೀಳುವುದಿಲ್ಲ. ಬೈಕು ಓಡಿಸಿದ ಯಾರಿಗಾದರೂ ಗೊತ್ತು, ಎರಡು ಚಕ್ರದ ಗಾಡಿ ಎಂದರೆ ಸದಾ ಬೀಳಲು ಹವಣಿಸುತ್ತಿರುವ ಗಾಡಿ. ವೇಗದಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗೈ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಆಗ ಬೈಕು ಎಡಕ್ಕೆ ವಾಲಿ ತಿರುಗುತ್ತದೆ. ಸವಾರರಲ್ಲಿ ಹೆಚ್ಚಿನವರಿಗೆ ಇದು ಮಾತಿನಲ್ಲಿ ಗೊತ್ತಿಲ್ಲ, ಮೈಗೆ ಗೊತ್ತು. ಆಟದಲ್ಲಿ ಇದಾವುದೂ ಇಲ್ಲ. ಬೈಕು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ತಂತಿಗೆ ಪೋಣಿಸಿದ ಮಣಿ ಸರಿದಂತೆ ಅಡ್ಡಡ್ಡ ಸರಿಯುತ್ತದೆ. ರಸ್ತೆಯಲ್ಲಿ ಎದೆ ಝಲ್ಲೆನಿಸುವ ತಿರುವುಗಳಿಲ್ಲ. ಹಾಗಾಗಿ ವಾಲುವುದು ಕಣ್ಣಿಗೆ ಕಾಣುವ ಅಲಂಕಾರವೇ ಹೊರತು ಅದರಿಂದ ಆಗಬೇಕಾದ ಕೆಲಸವೇನೂ ಇಲ್ಲ.

ಇದಕ್ಕಿಂತ ದೊಡ್ಡ ದೋಷ ಬ್ರೇಕಿನದು. ಟೈರು ಮತ್ತು ರಸ್ತೆಯ ನಡುವಿನ ಹಿಡಿತವನ್ನು ತಿಂಗಳ ಸಂಬಳಕ್ಕೆ ಹೋಲಿಸಬಹುದು. ಅದು ಇಷ್ಟೇ ಎಂದು ಗೊತ್ತಾದ ಮೊತ್ತ. ತಿರುವಿಗೆ ಹೆಚ್ಚು ಖರ್ಚು ಮಾಡಿದರೆ ಬ್ರೇಕಿಗೆ ಉಳಿಯುವುದು ಕಡಿಮೆ. ಎರಡಕ್ಕೂ ಒಟ್ಟಿಗೆ ಕೈಹಾಕಿದವನು ಸಾಲಕ್ಕೆ ಬೀಳುತ್ತಾನೆ, ಅಂದರೆ ಜಾರುತ್ತಾನೆ. 'ಟ್ರಾಫಿಕ್ ರೈಡರ್'ನಲ್ಲಿ ಈ ಸಂಬಳಕ್ಕೆ ಮಿತಿಯೇ ಇಲ್ಲ. ಇನ್ನೂರು ಕಿ.ಮೀ. ವೇಗದಲ್ಲಿ ಬ್ರೇಕು ಒತ್ತಿದರೂ ಬೈಕು ಗೆರೆ ಎಳೆದಂತೆ ನೇರವಾಗಿ ನಿಧಾನವಾಗುತ್ತದೆ. ಹಿಂದಿನ ಚಕ್ರ ಅಲುಗುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರು ಮುಂದೆ ಹೋಗುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ನಿಲ್ಲಲು ಇನ್ನೊಂದು 14 ಮೀಟರು. ಒಟ್ಟು 28 ಮೀಟರಿನಲ್ಲಿ ನಿಂತಿತು. ಈಗ ವೇಗವನ್ನು 100ಕ್ಕೆ ಏರಿಸಿ. ಕೈ ಬ್ರೇಕಿಗೆ ಹೋಗುವಷ್ಟರಲ್ಲಿ 28 ಮೀಟರು ಆಗಿಹೋಗುತ್ತದೆ. ಬ್ರೇಕು ಹಿಡಿದ ಮೇಲಿನ ದೂರ ಮಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ, ಸುಮಾರು 55 ಮೀಟರು. ಒಟ್ಟು 83 ಮೀಟರು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟು. ನಿಜವಾದ ರಸ್ತೆಯ ವ್ಯಾಕರಣದಲ್ಲಿ ಇದು ಮೊದಲ ಸೂತ್ರ. ಆಟ ಇದನ್ನು ಹುಡುಗನಿಗೆ ಹೇಳಿಕೊಡಬಹುದಿತ್ತು. ಶಾಲೆಯ ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆದರೆ ತಲೆಗೆ ಹೋಗದ ಈ ವರ್ಗದ ಲೆಕ್ಕ, ಹತ್ತು ಬಾರಿ ಎದುರಿನ ಲಾರಿಗೆ ಗುದ್ದಿಕೊಂಡರೆ ಬೆರಳಿಗೆ ಹತ್ತುತ್ತಿತ್ತು. ಆಟಕ್ಕೆ ಮಾತ್ರ ಇರುವ ಆ ಶಕ್ತಿಯನ್ನು ಈ ಆಟ ಬಳಸಿಕೊಂಡಿಲ್ಲ.

ಹ್ಯಾಂಡ್ಲಿಂಗಿನ ಈ ದೋಷ ಏಕೆ ಉಳಿಯಿತು ಎಂಬುದು ಆಟದ ಬಹುಮಾನದ ಕ್ರಮವನ್ನು ನೋಡಿದರೆ ತಿಳಿಯುತ್ತದೆ. ನೂರು ಕಿ.ಮೀ. ಮೀರಿದ ವೇಗದಲ್ಲಿ ಬೇರೆ ಗಾಡಿಗೆ ಮೈ ತಾಗುವಷ್ಟು ಹತ್ತಿರದಿಂದ ಹಿಂದಿಕ್ಕಿದರೆ ಹೆಚ್ಚುವರಿ ಅಂಕ ಮತ್ತು ಹಣ. ಎರಡು ದಿಕ್ಕಿನ ರಸ್ತೆಯಲ್ಲಿ ಎದುರು ಸಾಲಿನಲ್ಲಿ ನುಗ್ಗಿದರೆ ಹೆಚ್ಚುವರಿ ಅಂಕ ಮತ್ತು ಹಣ. ಮುಂದಿನ ಚಕ್ರ ಎತ್ತಿ ವ್ಹೀಲಿಂಗ್ ಮಾಡಿದರೆ ಅದಕ್ಕೂ ಅಂಕ, ಅದಕ್ಕೂ ಹಣ. ಇದು ನನ್ನ ವ್ಯಾಖ್ಯಾನವಲ್ಲ, ಆಡುವವರಿಗೆ ತಯಾರಕರೇ ಕೊಟ್ಟಿರುವ ಸಲಹೆಗಳು. ಈ ಮೂರನ್ನೂ ಮಾಡಿ ದುಡ್ಡು ಗಳಿಸಬೇಕು, ಆ ದುಡ್ಡಿನಿಂದ ಇನ್ನೂ ವೇಗದ ಬೈಕು ಕೊಳ್ಳಬೇಕು. ಬ್ರೇಕು ಹಿಡಿದವನಿಗೆ ಏನೂ ಇಲ್ಲ. ಒಂದು ಕತೆಯಲ್ಲಿ ಲೇಖಕ ಯಾರನ್ನು ಗೆಲ್ಲಿಸುತ್ತಾನೆ, ಏತಕ್ಕಾಗಿ ಗೆಲ್ಲಿಸುತ್ತಾನೆ ಎಂಬುದರಲ್ಲಿ ಅವನ ನೋಟ ಇರುತ್ತದೆ. ಆಟದ ನೋಟ ಅದರ ಅಂಕಪಟ್ಟಿಯಲ್ಲಿದೆ. ವ್ಹೀಲಿಂಗಿಗೆ ಹಣ ಕೊಡುವ ಆಟದಲ್ಲಿ ಬೈಕು ತಾನಾಗಿ ಬೀಳುವ ಹಾಗಿದ್ದರೆ ಯಾರು ಆಡುತ್ತಾರೆ? ಬೀಳದ ಬೈಕು ಇಲ್ಲಿ ಕಣ್ತಪ್ಪಿ ಉಳಿದ ದೋಷವಲ್ಲ, ಆಟದ ಅಡಿಪಾಯ.

ಹಳೆಯ ಆಟಗಳ ಜೊತೆ ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸೈಬರ್ ಕೆಫೆಗಳ ಕಾಲದಲ್ಲಿ ನಮ್ಮ ಊರುಗಳಿಗೆ ಬಂದದ್ದು 'ರೋಡ್ ರ‍್ಯಾಶ್'. 1991ರಲ್ಲಿ ಸೆಗಾ ಯಂತ್ರಕ್ಕೆ ಮಾಡಿದ ಈ ಆಟ 1996ರಲ್ಲಿ ಕಂಪ್ಯೂಟರಿಗೆ ಬಂತು. ಪಕ್ಕದ ಸವಾರನನ್ನು ಒದೆಯುವುದು, ಅವನ ಕೈಯ ದೊಣ್ಣೆ ಕಿತ್ತುಕೊಂಡು ಅವನಿಗೇ ಬಾರಿಸುವುದು ಇದರ ಸ್ವಾರಸ್ಯ. ಸಜ್ಜನಿಕೆಯ ದೃಷ್ಟಿಯಿಂದ ನೋಡಿದರೆ 'ಟ್ರಾಫಿಕ್ ರೈಡರ್' ಇದರ ಮುಂದೆ ಸಂತನಂತೆ ಕಾಣುತ್ತದೆ. ಆದರೂ ಆ ಒರಟು ಆಟದಲ್ಲಿ ಒಂದು ಪ್ರಾಮಾಣಿಕತೆ ಇತ್ತು. ವೇಗದಲ್ಲಿ ತಿರುವಿಗೆ ಹೋದರೆ ಬೈಕು ಹೊರಕ್ಕೆ ಎಳೆಯುತ್ತಿತ್ತು. ಬಿದ್ದರೆ ಸವಾರ ದೂರ ಉರುಳಿ, ಎದ್ದು, ರಸ್ತೆಯಲ್ಲಿ ಬಿದ್ದಿದ್ದ ಬೈಕಿನವರೆಗೆ ಓಡಿಕೊಂಡು ಬರಬೇಕಿತ್ತು. ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಿದ್ದರು. ಬೈಕು ಜಖಂ ಆದರೆ ರಿಪೇರಿಯ ಬಿಲ್ಲು, ಪೊಲೀಸರ ಕೈಗೆ ಸಿಕ್ಕರೆ ದಂಡ. ಸಾವನ್ನು ಅದು ಮುಚ್ಚಿಟ್ಟಿತು, ಆದರೆ ಬಿದ್ದುದರ ಬೆಲೆಯನ್ನು ಮುಚ್ಚಿಡಲಿಲ್ಲ. ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಕುಳಿತವನಿಗೆ ಆ ಓಡುವ ಹೊತ್ತು ಕೂಡ ಜೇಬಿನದೇ ಖರ್ಚು.

2005ರ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಬಂದಾಗ ಈ ಬೆಲೆ ಕಡಿಮೆಯಾಯಿತು. ಆ ಆಟದ ಕಾರು ರಸ್ತೆಗೆ ಅಂಟಿಕೊಂಡು ಓಡುತ್ತದೆ, ಗಾಜು ಬಿರುಕು ಬಿಡುತ್ತದೆ, ಬಣ್ಣ ಗೀಚಿಹೋಗುತ್ತದೆ, ಆದರೆ ಓಟಕ್ಕೆ ಏನೂ ಆಗುವುದಿಲ್ಲ. ಬೆನ್ನಟ್ಟುವ ಪೊಲೀಸ್ ಗಾಡಿಗಳನ್ನು ಒಡೆದಷ್ಟೂ ಹೆಸರು. ಸರ್ಕಾರಕ್ಕೆ ಎಷ್ಟು ನಷ್ಟವಾಯಿತೆಂದು ಲೆಕ್ಕ ಕೂಡ ತೋರಿಸುತ್ತದೆ. ಆಡಿದವರೆಲ್ಲ ಒಪ್ಪುವ ಅದರ ಇನ್ನೊಂದು ದೋಷ ಎದುರಾಳಿಗಳದ್ದು. ನೀವು ಎಷ್ಟೇ ಚೆನ್ನಾಗಿ ಓಡಿಸಿ ಮುಂದೆ ಹೋದರೂ ಹಿಂದಿನವನನ್ನು ರಬ್ಬರ್ ಬ್ಯಾಂಡು ಕಟ್ಟಿ ಎಳೆದಂತೆ ಆಟವೇ ಎಳೆದು ತರುತ್ತದೆ. ಕೊನೆಯ ತಿರುವಿನಲ್ಲಿ ಒಂದು ತಪ್ಪು ಮಾಡಿದರೆ ಅಷ್ಟು ಹೊತ್ತಿನ ಜಾಣತನ ನೀರಿನಲ್ಲಿ ಹೋಮ. ರೋಚಕತೆಗಾಗಿ ನ್ಯಾಯವನ್ನು ಬಿಟ್ಟುಕೊಟ್ಟ ಕತೆಗಳನ್ನು ನಾವು ಓದಿದ್ದೇವಲ್ಲ, ಇದೂ ಹಾಗೆಯೇ.

ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ಜಪಾನಿನ 'ಗ್ರಾನ್ ಟುರಿಸ್ಮೊ'. ಕಾಜುನೋರಿ ಯಾಮಾವುಚಿ ನೇತೃತ್ವದಲ್ಲಿ 1997ರ ಡಿಸೆಂಬರಿನಲ್ಲಿ ಬಂದ ಈ ಆಟದಲ್ಲಿ ದೊಡ್ಡ ರೇಸಿಗೆ ಇಳಿಯಬೇಕಾದರೆ ಮೊದಲು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯ ಮೊದಲ ಪಾಠವೇನು ಗೊತ್ತೇ? ವೇಗವಾಗಿ ಹೊರಟು, ಗುರುತು ಮಾಡಿದ ಜಾಗದೊಳಗೆ ನಿಲ್ಲಿಸುವುದು. ರೇಸಿನ ಆಟವೊಂದು ನಿಲ್ಲಿಸುವುದನ್ನು ಕಲಿಸುವುದರಿಂದ ಆರಂಭವಾಯಿತು ಎಂಬುದನ್ನು ನಾವು ಗಮನಿಸಬೇಕು. ಅದರಲ್ಲಿ ಕಾರಿಗೆ ತೂಕವಿದೆ, ಟೈರಿಗೆ ಮಿತಿಯಿದೆ. ಹಾಗೆಂದು ಅದು ಪರಿಪೂರ್ಣವೂ ಅಲ್ಲ. ಆರಂಭದ ಆಟಗಳಲ್ಲಿ ಕಾರಿಗೆ ಪೆಟ್ಟೇ ಆಗುತ್ತಿರಲಿಲ್ಲ. 2010ರ ಐದನೆಯ ಆಟದಲ್ಲಷ್ಟೇ ಜಖಂ ಎಂಬುದು ಬಂತು. ಅಲ್ಲಿಯವರೆಗೆ ಆಟಗಾರರು ಬ್ರೇಕು ಹಿಡಿಯುವ ಬದಲು ತಿರುವಿನಲ್ಲಿ ಪಕ್ಕದವನ ಕಾರಿಗೆ ಒರಗಿಕೊಂಡು ತಿರುಗುತ್ತಿದ್ದರು. ಎಷ್ಟು ಶ್ರದ್ಧೆಯಿಂದ ಭೌತಶಾಸ್ತ್ರ ಬರೆದರೂ, ಪಕ್ಕದವನಿಗೆ ನೋವಾಗುವುದಿಲ್ಲ ಎಂದು ಗೊತ್ತಾದರೆ ಮನುಷ್ಯ ಅವನನ್ನು ಗೋಡೆಯಂತೆ ಬಳಸಿಕೊಳ್ಳುತ್ತಾನೆ.

ಇನ್ನು 2018ರ 'ಆಸ್ಫಾಲ್ಟ್ 9' ಇನ್ನೊಂದು ತುದಿ. ಅದರಲ್ಲಿ ಟಚ್‌ಡ್ರೈವ್ ಎಂಬ ಸೌಲಭ್ಯವಿದೆ. ಕಾರನ್ನು ಆಟವೇ ತಿರುಗಿಸಿಕೊಳ್ಳುತ್ತದೆ. ಯಾವ ಕವಲು ಹಿಡಿಯಬೇಕು, ಯಾವಾಗ ಜಾರಿಸಬೇಕು, ಯಾವಾಗ ನೈಟ್ರೊ ಊದಬೇಕು ಎಂಬುದಷ್ಟೇ ಆಡುವವನ ಪಾಲು. ಗಾಡಿ ಮಾತು ಕೇಳುತ್ತದೆಯೇ ಎಂಬ ಪ್ರಶ್ನೆಯನ್ನೇ ಅದು ತೆಗೆದುಹಾಕಿದೆ. ಮಾತಾಡುವ ಅಗತ್ಯವೇ ಇಲ್ಲದ ಮೇಲೆ ಕೇಳುವುದೇನು?

ಈ ನಡುವೆ ಒಂದು ಸ್ವಾರಸ್ಯದ ಸಂಗತಿ. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೋಟಾ ಕಂಪನಿಯ ಕಾರುಗಳು 2019ರ 'ನೀಡ್ ಫಾರ್ ಸ್ಪೀಡ್ ಹೀಟ್' ಆಟದಲ್ಲಿ ಇರಲಿಲ್ಲ. ತಮ್ಮ ಕಾರುಗಳು 'ಗ್ರಾನ್ ಟುರಿಸ್ಮೊ'ದಲ್ಲಿವೆ, ಅದು ಕಾನೂನುಬಾಹಿರ ಬೀದಿ ರೇಸನ್ನು ಉತ್ತೇಜಿಸುವುದಿಲ್ಲ ಎಂಬರ್ಥದ ಮಾತನ್ನು ಕಂಪನಿಯ ಬ್ರಿಟನ್ ಶಾಖೆ ಟ್ವಿಟರಿನಲ್ಲಿ ಹೇಳಿ, ಆಟಗಾರರು ಗೇಲಿ ಮಾಡಿದ ಮೇಲೆ ಅಳಿಸಿಹಾಕಿತು. ಕಂಪನಿಗೆ ತನ್ನ ಹೆಸರಿನ ಚಿಂತೆ ಇರಬಹುದು. ಆದರೂ ಆಟದೊಳಗಿನ ರಸ್ತೆಗೂ ಹೊರಗಿನ ರಸ್ತೆಗೂ ಏನೋ ಸಂಬಂಧವಿದೆ ಎಂದು ಕಾರು ಮಾಡುವವರೂ ಭಾವಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಹೊರಗಿನ ರಸ್ತೆಗೆ ಬರೋಣ. ನಮ್ಮ ಕಡೆಯ ರಸ್ತೆಯ ಮೇಲೆ ಹ್ಯಾಂಡ್ಲಿಂಗ್ ಎಂದರೇನು? ಸುಗ್ಗಿಯ ಕಾಲದಲ್ಲಿ ಮಾಗಡಿ, ಕನಕಪುರದ ಹಳ್ಳಿ ರಸ್ತೆಗಳಲ್ಲಿ ಹೋಗಿ ನೋಡಿ. ಡಾಂಬರಿನ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ನಡೆದಿರುತ್ತದೆ. ಒಣಗಿದ ಹುಲ್ಲಿನ ಮೇಲೆ ಬೈಕಿನ ಚಕ್ರ ಹೋದಾಗ ಹ್ಯಾಂಡಲ್ ಹಗುರವಾಗುತ್ತದೆಯಲ್ಲ, ಆ ಅರ್ಧ ಕ್ಷಣದ ಹಗುರತನ ರಸ್ತೆಯ ಮಾತು. ಕನಕಪುರದಿಂದ ಸಂಗಮದ ಕಡೆ ಕಾಡಿನ ನಡುವೆ ಇಳಿಯುವ ತಿರುವುಗಳಲ್ಲಿ ಬ್ರೇಕು ಬಿಸಿಯಾದ ವಾಸನೆ ರಸ್ತೆಯ ಮಾತು. ಕಲ್ಲು ಕ್ವಾರಿಯ ಲಾರಿ ಬೀಳಿಸಿಹೋದ ಜಲ್ಲಿ, ರಾಮನಗರದ ಮಾರುಕಟ್ಟೆಗೆ ಗೂಡಿನ ಮೂಟೆ ಕಟ್ಟಿಕೊಂಡು ಹೊರಟ ಬೈಕಿನ ಅಗಲ, ಶಾಲೆ ಬಿಟ್ಟಾಗ ಒಮ್ಮೆಲೇ ರಸ್ತೆಗೆ ಹರಿಯುವ ಮಕ್ಕಳು - ಇವೆಲ್ಲ ರಸ್ತೆ ಆಡುವ ಮಾತುಗಳು. ಇವನ್ನು ಕೇಳಿಸಿಕೊಂಡವನು ಸಂಜೆ ಮನೆಗೆ ಬರುತ್ತಾನೆ. ನಮ್ಮ ಹುಡುಗರ ಕೈಗೆ ಸಿಕ್ಕ ಹೆಸರಾಂತ ರೇಸಿನ ಆಟಗಳಲ್ಲಿ ಒಂದೂ ಈ ರಸ್ತೆಯನ್ನು ತೋರಿಸಿಲ್ಲ. 'ರೋಡ್ ರ‍್ಯಾಶ್'ನದು, 'ಮೋಸ್ಟ್ ವಾಂಟೆಡ್'ನದು ಬಲಗಡೆ ಓಡಿಸುವ ಅಮೆರಿಕದ ರಸ್ತೆ.

ಹೀಗಾಗಿಯೇ ಇರಬೇಕು, ರೇಸೇ ಇಲ್ಲದ ಒಂದು ಆಟ ನಮ್ಮಲ್ಲಿ ಅಷ್ಟು ಹತ್ತಿರವಾದದ್ದು. 2017ರಲ್ಲಿ ಬಂದ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಅಲ್ಲಿಯ ಮಾಲೆಯೊ ಎಂಬ ಸಂಸ್ಥೆಯದು. ಇಂಡೋನೇಷ್ಯಾದಲ್ಲೂ ನಮ್ಮಂತೆ ಎಡಗಡೆಯೇ ಸಂಚಾರ. ಬಸ್ಸಿಗೆ ಬೇಕಾದ ಬಣ್ಣವನ್ನು ಆಡುವವರೇ ಬಳಿಯಬಹುದು. ನಮ್ಮ ಹುಡುಗರು ಕೆಎಸ್ಆರ್‌ಟಿಸಿಯ ಕೆಂಪು ಬಣ್ಣ ಬಳಿದು, ಹಣೆಯ ಮೇಲೆ ಕನ್ನಡದಲ್ಲಿ ಊರಿನ ಹೆಸರು ಬರೆದು ಓಡಿಸುತ್ತಾರೆ. ಅದರ ಹ್ಯಾಂಡ್ಲಿಂಗ್ ಉತ್ತಮವೆಂದು ನಾನು ಹೇಳಲಾರೆ. ಅಷ್ಟು ದೊಡ್ಡ ಬಸ್ಸು ತಿರುವಿನಲ್ಲಿ ಖಾಲಿ ಡಬ್ಬದಂತೆ ಹಗುರವಾಗಿ ನಡೆದುಕೊಳ್ಳುತ್ತದೆ. ಆದರೆ ಇಂಡಿಕೇಟರ್ ಹಾಕಬೇಕು, ಹಾರನ್ ಮಾಡಬೇಕು, ನಿಲ್ದಾಣಕ್ಕೆ ಬಸ್ಸನ್ನು ತಂದು ನಿಲ್ಲಿಸಬೇಕು. ಬಸ್ಸಿನಲ್ಲಿ ನಮ್ಮ ಹೊರತು ಬೇರೆಯವರೂ ಇದ್ದಾರೆ ಎಂಬ ನೆನಪನ್ನು ಆಟ ಬಿಟ್ಟುಕೊಡುವುದಿಲ್ಲ. ವೇಗವಿಲ್ಲದ ಆಟವನ್ನು ಹುಡುಗರು ಮುಟ್ಟುವುದಿಲ್ಲ ಎನ್ನುವವರಿಗೆ ಇದು ಉತ್ತರ. ಸ್ವಂತ ಊರಿನ ಹೆಸರಿದ್ದರೆ ಅವರು ನಿಧಾನವನ್ನೂ ಆಡುತ್ತಾರೆ.

ಆದರೆ ವಿಪರ್ಯಾಸ ನೋಡಿ. ಆಟದ ರಸ್ತೆ ನಮ್ಮ ರಸ್ತೆಯಂತಾಗಲಿ ಎಂದು ನಾವು ಬಯಸುತ್ತಿದ್ದ ಹೊತ್ತಿಗೆ ನಮ್ಮ ರಸ್ತೆಯೇ ಆಟದ ರಸ್ತೆಯಂತಾಯಿತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಹಳೆಯ ರಸ್ತೆ ರಾಮನಗರ, ಚನ್ನಪಟ್ಟಣಗಳ ಪೇಟೆಯೊಳಗೆ ಹಾದುಹೋಗುತ್ತಿತ್ತು. ಹೊಸ ರಸ್ತೆ ಈ ಎರಡೂ ಊರುಗಳನ್ನು ಸುಮಾರು 22 ಕಿ.ಮೀ. ಬೈಪಾಸಿನಲ್ಲಿ ಬದಿಗಿಟ್ಟಿತು. ಎರಡೂ ಕಡೆ ಬೇಲಿ, ತಿರುವು ಕಡಿಮೆ, ನಿಲ್ಲುವ ಹಾಗಿಲ್ಲ. ಚನ್ನಪಟ್ಟಣದ ರಸ್ತೆಬದಿಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುತ್ತಿದ್ದವರು ಬೈಪಾಸಿನಲ್ಲಿ ಹಾರಿಹೋದರು. ಅಂಗಡಿಯವರ ವ್ಯಾಪಾರ ಕುಸಿಯಿತು. ಉದ್ಘಾಟನೆಯಾದ ವಾರದೊಳಗೆ ಸುರಿದ ಮಳೆಗೆ ರಾಮನಗರದ ಬಳಿ ಹೆದ್ದಾರಿಯಲ್ಲಿ ನೀರು ನಿಂತು ಗಾಡಿಗಳು ಸಿಕ್ಕಿಬಿದ್ದವು. ನಂತರದ ತಿಂಗಳುಗಳಲ್ಲಿ ಅಪಘಾತ, ಸಾವಿನ ಸುದ್ದಿ ಬಾರದ ವಾರವಿರಲಿಲ್ಲ. ಕೊನೆಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ಎಂದಾಯಿತು, ಕ್ಯಾಮೆರಾಗಳು ಬಂದವು, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ಆಮೇಲೆ ಸಾವುಗಳು ಇಳಿಮುಖವಾದವು.

ಈ ಇಳಿಕೆಯ ಅರ್ಥವನ್ನು ವಿಮರ್ಶಕನಾಗಿ ನಾನು ಹೀಗೆ ಗ್ರಹಿಸುತ್ತೇನೆ. ರಸ್ತೆ ತಾನಾಗಿ ಮಾತಾಡುವುದನ್ನು ನಿಲ್ಲಿಸಿದಾಗ ಫಲಕ, ಕ್ಯಾಮೆರಾ, ದಂಡಗಳು ಅದರ ಪರವಾಗಿ ಮಾತಾಡಬೇಕಾಯಿತು. ಪೇಟೆಯೊಳಗಿನ ರಸ್ತೆಯಲ್ಲಿ ವೇಗ ತಗ್ಗಿಸಲು ಒಂದು ಅಂಗಡಿ, ಒಂದು ಮಸೀದಿ, ಒಂದು ಗುಡಿ, ಅಡ್ಡಬರುವ ಒಬ್ಬ ಅಜ್ಜಿ ಸಾಕಾಗಿತ್ತು. ನಯವಾದ ರಸ್ತೆಯಲ್ಲಿ 120 ಕಿ.ಮೀ. ಕೂಡ 60ರಂತೆ ಅನ್ನಿಸುತ್ತದೆ. ಗಾಡಿ ಪೂರ್ತಿ ಮಾತು ಕೇಳುತ್ತಿದೆ ಎಂಬ ನಂಬಿಕೆ ಬರುತ್ತದೆ. ಆ ನಂಬಿಕೆಯೇ 'ಟ್ರಾಫಿಕ್ ರೈಡರ್'ನ ಹ್ಯಾಂಡ್ಲಿಂಗ್.

ಹಾಗಾದರೆ ರಸ್ತೆಯಲ್ಲಿ ವ್ಹೀಲಿಂಗ್ ಮಾಡುವ ಹುಡುಗರನ್ನು ಹುಟ್ಟಿಸಿದ್ದು ಈ ಆಟಗಳೇ? ಹಾಗೆ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಈ ಆಟವನ್ನು ಆಡುವ ಲಕ್ಷಾಂತರ ಮಂದಿಯಲ್ಲಿ ಬಹುಪಾಲು ಜನ ಸಿಗ್ನಲ್ ಕಂಡರೆ ನಿಲ್ಲುವವರೇ. ಬೆಂಗಳೂರಿನಲ್ಲಿ ಶಬೇ ಬರಾತ್ ರಾತ್ರಿ ವ್ಹೀಲಿಂಗ್ ಹಾವಳಿ ತಡೆಯಲು ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚುತ್ತಾರೆ. ನಮ್ಮ ಸಮುದಾಯಕ್ಕೆ ಇದು ತಲೆತಗ್ಗಿಸುವ ಸಂಗತಿ. ಪ್ರಾರ್ಥನೆಯ ರಾತ್ರಿಗೆ ಬೈಕಿನ ಕೀ ಕೊಟ್ಟು ಕಳಿಸುವ ತಂದೆಗೆ ಆಟದ ಮೇಲೆ ಬೆರಳು ತೋರಿಸುವ ಹಕ್ಕಿಲ್ಲ. ಡಿಸೆಂಬರ್ 31ರ ರಾತ್ರಿಯೂ ಅದೇ ಮೇಲ್ಸೇತುವೆಗಳು ಮುಚ್ಚುತ್ತವೆ ಎಂಬುದನ್ನು ಇದನ್ನೊಂದು ಸಮುದಾಯದ ರೋಗವೆಂದು ಬಿಂಬಿಸುವವರು ನೆನಪಿಡಬೇಕು. ಆಡಲು ಮೈದಾನವಿಲ್ಲದ, ಓದಿದ ಮೇಲೆ ಕೆಲಸವಿಲ್ಲದ, ನಾಲ್ಕು ಜನರ ಕಣ್ಣಿಗೆ ಬೀಳಲು ಬೇರೆ ದಾರಿ ಕಾಣದ ಹುಡುಗನಿಗೆ ಬೈಕಿನ ಮುಂದಿನ ಚಕ್ರವೇ ವೇದಿಕೆಯಾಗಿದೆ. ಅವನಿಗೆ ಆ ಆಸೆಯನ್ನು ಕೊಟ್ಟದ್ದು ಆಟವಲ್ಲ. ಆದರೆ ಚಕ್ರ ಎತ್ತಿದರೆ ಏನಾಗುತ್ತದೆ ಎಂಬ ಬಗ್ಗೆ ಅವನಿಗೆ ಸುಳ್ಳು ಹೇಳಿದ್ದು ಆಟವೇ. ಚಕ್ರ ನೆಲ ಬಿಟ್ಟ ಕ್ಷಣ ಮುಂದಿನ ಬ್ರೇಕಿಗೂ ತಿರುಗಿಸುವುದಕ್ಕೂ ಅರ್ಥ ಉಳಿಯುವುದಿಲ್ಲ. ಮಾತು ಕೇಳಬೇಕಾದ ಗಾಡಿಯ ಬಾಯಿಯನ್ನೂ ಕಿವಿಯನ್ನೂ ಒಟ್ಟಿಗೆ ಕಟ್ಟಿಹಾಕಿದಂತೆ ಅದು. ಆಟದಲ್ಲಿ ಅದಕ್ಕೆ ಹಣ ಸಿಗುತ್ತದೆ. ಕತೆಗಾರನಾಗಿ ನನಗೆ ಸುಳ್ಳಿನ ಮೇಲೆ ದ್ವೇಷವಿಲ್ಲ, ಕತೆ ಎಂದರೆ ಸುಳ್ಳೇ. ಆದರೆ ಕತೆ ಘಟನೆಯ ಬಗ್ಗೆ ಸುಳ್ಳು ಹೇಳಬಹುದು, ಪರಿಣಾಮದ ಬಗ್ಗೆ ಹೇಳಬಾರದು.

ಚನ್ನಪಟ್ಟಣದ ಮರದ ಗಾಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಪುಟ್ಟ ಗಾಡಿ. ಟಿಪ್ಪುವಿನ ಕಾಲದಿಂದ ಬಂದ ಈ ಕಸುಬಿನಲ್ಲಿ ಇಂದಿಗೂ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಆ ಗಾಡಿಯನ್ನು ಗಾರೆಯ ನೆಲದ ಮೇಲೆ ತಳ್ಳಿದರೆ ದೂರ ಹೋಗುತ್ತದೆ, ಮಣ್ಣಿನ ನೆಲದಲ್ಲಿ ಬೇಗ ನಿಲ್ಲುತ್ತದೆ, ಚಾಪೆಯ ಅಂಚಿಗೆ ತಾಗಿದರೆ ಮಗುಚುತ್ತದೆ. ಎರಡು ವರ್ಷದ ಮಗು ಕೂಡ ನಾಲ್ಕು ಸಲ ತಳ್ಳುವಷ್ಟರಲ್ಲಿ ಯಾವ ನೆಲಕ್ಕೆ ಎಷ್ಟು ಬಲ ಎಂದು ಕಲಿಯುತ್ತದೆ. ಯಾರೂ ಪಾಠ ಹೇಳಬೇಕಿಲ್ಲ, ನೆಲವೇ ಹೇಳುತ್ತದೆ. ಆಟಿಕೆಗೂ ಆಟಕ್ಕೂ ಇರಬೇಕಾದ ಮುಖ್ಯ ಗುಣ ಇದೇ ಎಂದು ನಾನು ತಿಳಿದಿದ್ದೇನೆ. ಮರದ ತುಂಡಿಗೆ ಸಾಧ್ಯವಾದದ್ದು, ಕೋಟ್ಯಂತರ ಲೆಕ್ಕವನ್ನು ಕ್ಷಣದಲ್ಲಿ ಮಾಡುವ ಮೊಬೈಲಿಗೆ ಸಾಧ್ಯವಿಲ್ಲವೆಂದರೆ ನಂಬಲಾಗದು. 'ಗ್ರಾನ್ ಟುರಿಸ್ಮೊ' 1997ರಲ್ಲೇ ಅರ್ಧ ದಾರಿ ಬಂದಿತ್ತು.

ಬೆಂಗಳೂರಿನಲ್ಲಿ ಆಟಗಳನ್ನು ತಯಾರಿಸುವ ಎಂಜಿನಿಯರುಗಳಿದ್ದಾರೆ. ಅವರಲ್ಲಿ ಒಬ್ಬರಾದರೂ ರಾಮನಗರದಿಂದ ಮಾಗಡಿಗೆ, ಕನಕಪುರದಿಂದ ಚನ್ನಪಟ್ಟಣಕ್ಕೆ ಹೋಗುವ ರಸ್ತೆಯ ಮೇಲೆ ಒಂದು ಆಟ ಕಟ್ಟಲಿ ಎಂದು ನಾನು ಆಸೆಪಡುತ್ತೇನೆ. ಅದರಲ್ಲಿ ವೇಗ ಇರಲಿ, ಗೆಲುವೂ ಇರಲಿ. ಒಕ್ಕಣೆಯ ಹುಲ್ಲಿನ ಮೇಲೆ ಹ್ಯಾಂಡಲ್ ಹಗುರವಾಗಲಿ, ಮೊದಲ ಮಳೆಗೆ ಡಾಂಬರು ಜಾರಲಿ, ಗೂಡಿನ ಮೂಟೆ ಹೊತ್ತ ಬೈಕನ್ನು ಅಂತರ ಬಿಟ್ಟು ದಾಟಿದವನಿಗೆ ಅಂಕ ಸಿಗಲಿ. ಅಲ್ಲಿಯವರೆಗೆ ಮನೆಯ ಹಿರಿಯರು ಮಾಡಬಹುದಾದ ಒಂದು ಕೆಲಸವಿದೆ. ಮೊಬೈಲು ಕಿತ್ತುಕೊಳ್ಳುವ ಮೊದಲು ಹುಡುಗನ ಪಕ್ಕ ಕುಳಿತು ಒಂದು ಸುತ್ತು ಆಡಿ, ಆಮೇಲೆ ಕೇಳಿ: ಇದರಲ್ಲಿ ಬ್ರೇಕು ಹಿಡಿದರೆ ನಿಜವಾದ ಬೈಕಿನ ಹಾಗೆ ಅನ್ನಿಸುತ್ತದೆಯೇ? ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಉತ್ತರ ಹೇಳಲು ಒಂದು ಕ್ಷಣವೂ ತೆಗೆದುಕೊಳ್ಳುವುದಿಲ್ಲ. ಉಳಿದವರು ಸ್ವಲ್ಪ ಯೋಚಿಸುತ್ತಾರೆ. ಆ ಯೋಚನೆಯಿಂದ ವಿಮರ್ಶೆ ಆರಂಭವಾಗುತ್ತದೆ, ಮತ್ತು ಅದು ಬೈಗುಳಕ್ಕಿಂತ ಹೆಚ್ಚು ಕಾಲ ಅವರ ಜೊತೆ ರಸ್ತೆಯಲ್ಲಿ ಇರುತ್ತದೆ.